ಊದದ ಸೀಟಿ

ಮಾರ್ಚ್ ೧೪, ಗುರುವಾರ

ಪ್ರೀತಿಯ ಮಗಳಿಗೆ,

ಅಪ್ಪನ ಆಶೀರ್ವಾದಗಳು. ನಾವಿಲ್ಲಿ ಕ್ಷೇಮ ಅಂತ ಬರೆದು ಆ ಹಾಳೆಯನ್ನು ಹರಿದು ಹಾಕಿದೆ. ಇದು ನಾಲ್ಕನೆಯ ಹಾಳೆ. ನಿಮ್ಮಮ್ಮ ಚೆನ್ನಾಗಿದ್ದಾಳೆ. ಹಿಂದೆ ಸುಟ್ಟ ಕೈ ಬೆಳಗಿನ ಚಳಿಗೆ ಸೆಳೆಯುತ್ತದೆ ಅಂತಾಳೆ, ಆದರೂ ಸ್ಟೌ ಹತ್ತಿರ ನನ್ನನ್ನು ಬಿಟ್ಟುಕೊಳ್ಳುವುದಿಲ್ಲ. ನನ್ನ ಕ್ಷೇಮದ ವಿಷಯ ಮುಂದೆ ಬರೆಯುತ್ತೇನೆ.

ತಡವಾಯಿತು, ತಪ್ಪಾಯಿತು. ಭೂಮಿ ನಡುಗಿ ಇಪ್ಪತ್ತೆರಡು ದಿನವಾಯಿತು. ನೀನು ಆರು ಸಲ ಫೋನ್ ಮಾಡಿದೆ, ಆರು ಸಲವೂ ನಾನು ಸ್ನಾನಕ್ಕೆ ಹೋಗಿದ್ದೆ. ಯಾವ ಮನುಷ್ಯನೂ ಅಷ್ಟು ಸ್ನಾನ ಮಾಡುವುದಿಲ್ಲ ಅಂತ ನಿನಗೂ ಗೊತ್ತು. ನೀನು ಆಸ್ಪತ್ರೆಯಲ್ಲಿ ದಿನಾ ಗಾಯ ನೋಡುವವಳು, ನರ್ಸ್ ಕೆಲಸದಲ್ಲಿ ಪಳಗಿದವಳು. ದನಿ ಕೇಳಿದರೆ ಎಲ್ಲಿ ನೋಯುತ್ತಿದೆ ಅಂತ ಹಿಡಿದುಬಿಡುತ್ತೀಯ ಅನ್ನುವ ಹೆದರಿಕೆ ನನಗೆ.

ಶಾಲೆಯಲ್ಲಿ ನನ್ನ ಭೂಕಂಪದ ಡ್ರಿಲ್ ಹೇಗಿತ್ತು ಅಂತ ನಿನಗೆ ಗೊತ್ತು. ಬೇರೆ ತರಗತಿಯ ಟೀಚರುಗಳು ಬಾಯಿಮಾತಲ್ಲಿ ಹೇಳುತ್ತಾರೆ, 'ಏಳಿ ಮಕ್ಕಳೇ, ಹೊರಡಿ' ಅಂತ. ನನಗೆ ಅದು ಸೇರುವುದಿಲ್ಲ. ಗದ್ದಲದಲ್ಲಿ ಯಾರ ಮಾತು ಯಾರಿಗೆ ಕೇಳುತ್ತದೆ? ನನ್ನ ಏಳನೇ ಬಿ ತರಗತಿಗೆ ಸೀಟಿಯೇ ಮಾತು. ಚಿಕ್ಕ ಸೀಟಿಗೆ ಬೆಂಚಿನ ಕೆಳಗೆ ನುಗ್ಗಿ ಬೆಂಚಿನ ಕಾಲು ಹಿಡಿಯಬೇಕು. ಉದ್ದ ಸೀಟಿಗೆ ತಲೆಯ ಮೇಲೆ ಚೀಲ ಇಟ್ಟುಕೊಂಡು, ಮೊದಲ ಬೆಂಚಿನಿಂದ ಕೊನೆಯ ಬೆಂಚಿನವರೆಗೆ ಸಾಲಾಗಿ ಇಳಿಯಬೇಕು. ಉದ್ದ ಸೀಟಿ ಬರುವ ತನಕ ಪ್ರಳಯವಾದರೂ ಏಳಕೂಡದು. ಮೂವತ್ತೆಂಟು ಮಕ್ಕಳು ಎರಡನೇ ಮಹಡಿಯಿಂದ ಮೈದಾನಕ್ಕೆ ಎರಡು ನಿಮಿಷದೊಳಗೆ ಬರುತ್ತಿದ್ದರು. ನಾನು ಎದೆ ಉಬ್ಬಿಸಿಕೊಂಡು ಓಡಾಡುತ್ತಿದ್ದೆ.

ಹೋದ ತಿಂಗಳ ಡ್ರಿಲ್ ನೋಡಲು ಇಲಾಖೆಯಿಂದ ಸಾಹೇಬರು ಬಂದಿದ್ದರು. ಮಕ್ಕಳೆಲ್ಲ ಬೆಂಚಿನ ಕೆಳಗಿದ್ದಾಗ, ನಾನು ಇನ್ನೂ ಊದುವ ಮೊದಲೇ ಉದ್ದ ಸೀಟಿ ಕೇಳಿಸಿತು. ಇಪ್ಪತ್ತು ಮಕ್ಕಳು ಎದ್ದರು, ಉಳಿದವರು ಅವರ ಕಾಲಿಗೆ ಸಿಕ್ಕಿ ಬಿದ್ದರು, ಸಾಹೇಬರು ನಕ್ಕರು. ಊದಿದ್ದು ಕೊನೆಯ ಬೆಂಚಿನ ಸಣಕಲು ಹುಡುಗಿ, ಎಲ್ಲರೂ ಕಡ್ಡಿ ಅಂತ ಕರೆಯುವವಳು. ನಮ್ಮ ಶಾಲೆಯ ಆಯಾಳ ಮಗಳು, ಹೋದ ರಜೆಯಲ್ಲಿ ನಮ್ಮ ಮೆಟ್ಟಿಲ ಮೇಲೆ ಕೂರಿಸಿಕೊಂಡು ನೀನು ಗಣಿತ ಹೇಳಿಕೊಟ್ಟೆಯಲ್ಲ, ಅದೇ ಕಡ್ಡಿ. ಬಾಯಿಗೆ ಎರಡು ಬೆರಳಿಟ್ಟು ಥೇಟ್ ನನ್ನ ಸೀಟಿಯ ಹಾಗೆ ಸಿಳ್ಳೆ ಹಾಕಿದ್ದಳು.

ನನಗೆ ತಲೆ ಕೆಟ್ಟುಹೋಯಿತು. ಸಾಹೇಬರು ಹೋದ ಮೇಲೆ ಅವಳ ಬಲಗೈಯನ್ನು ಮೇಜಿನ ಮೇಲೆ ಇಡಿಸಿ, ಮರದ ಸ್ಕೇಲಿನ ಅಂಚಿನಿಂದ ಬೆರಳ ಗೆಣ್ಣುಗಳ ಮೇಲೆ ಹೊಡೆದೆ. ಸ್ಕೇಲು ಮುರಿಯುವ ತನಕ ಹೊಡೆದೆ. ಅವಳ ಅಮ್ಮ ವರಾಂಡದಲ್ಲಿ ಪೊರಕೆ ಹಿಡಿದು ನಿಂತು ನೋಡುತ್ತಿದ್ದಳು. ನಾನು ಅವಳನ್ನೂ ಗದರಿಸಿ ಕಳಿಸಿದೆ. ಮಾರನೆಯ ದಿನ ಹುಡುಗಿಗೆ ಪೆನ್ಸಿಲ್ ಹಿಡಿಯಲು ಆಗಲಿಲ್ಲ. ನಾಟಕ ಆಡಬೇಡ ಅಂದೆ.

ಇನ್ನು ಭೂಮಿ ನಡುಗಿದ ದಿನದ್ದು. ಎರಡನೇ ಪೀರಿಯಡ್, ಆರೋಗ್ಯದ ಪಾಠ. ಹಲ್ಲಿನ ಚಿತ್ರ ಬರೆಯುತ್ತಿದ್ದೆ. ಕೈಯಲ್ಲಿದ್ದ ಸೀಮೆಸುಣ್ಣ ಹಲಗೆಯ ಮೇಲೆ ತಾನೇ ಗೀಚಿಕೊಂಡು ಹೋಯಿತು. ಆಮೇಲೆ ಕೆಳಗಿನಿಂದ ಯಾರೋ ಕಟ್ಟಡವನ್ನು ಒದ್ದ ಹಾಗಾಯಿತು. ಕರಿಹಲಗೆ ಕಳಚಿ ಮೊದಲ ಬೆಂಚಿನ ಮೇಲೆ ಬಿತ್ತು. ಕಿಟಕಿಯ ಗಾಜೆಲ್ಲ ಒಂದೇ ಸಲ ಒಡೆದು ಒಳಗೆ ಸಿಡಿಯಿತು. ಒಬ್ಬಳ ಕೆನ್ನೆ ಸೀಳಿ ರಕ್ತ ಪುಸ್ತಕದ ಮೇಲೆ ಸುರಿಯುವುದನ್ನು ಕಂಡೆ. ಫ್ಯಾನು ಕಿತ್ತು ಬಿತ್ತು. ಚಿಕ್ಕ ಸೀಟಿ ಊದಿದೆ, ಅದು ನೆನಪಿದೆ. ಅಷ್ಟೂ ಮಕ್ಕಳು ಬೆಂಚಿನ ಕೆಳಗೆ ನುಗ್ಗಿ ಕಾಲು ಹಿಡಿದುಕೊಂಡರು. ಒಬ್ಬರೂ ತಪ್ಪಲಿಲ್ಲ.

ಅದಾದ ಮೇಲೆ ನೆನಪಿರುವುದು ಮೈದಾನ. ಒಂದೇ ಕಾಲಲ್ಲಿ ಚಪ್ಪಲಿ ಇತ್ತು. ಮೆಟ್ಟಿಲು ಇಳಿದದ್ದು ನೆನಪಿಲ್ಲ, ಆದರೆ ನನ್ನನ್ನು ಯಾರೂ ಹೊತ್ತು ತಂದಿಲ್ಲ. ನಾನೇ ಓಡಿ ಬಂದಿದ್ದೆ. ಮಕ್ಕಳನ್ನು ಬಿಟ್ಟು ಓಡಿ ಬಂದಿದ್ದೆ.

ನಡುಕ ನಿಂತಿತು. ಬೇರೆ ತರಗತಿಗಳು ಒಂದೊಂದಾಗಿ ಇಳಿದು ಬಂದವು. ಏಳನೇ ಬಿ ಬರಲಿಲ್ಲ. ಬರುವುದು ಹೇಗೆ? ನಾನು ಊದಿಲ್ಲವಲ್ಲ! ಸೀಟಿ ನನ್ನ ಬಾಯಲ್ಲೇ ಇತ್ತು, ಹಲ್ಲಲ್ಲಿ ಕಚ್ಚಿ ಹಿಡಿದಿದ್ದೆ. ಊದಲು ನೋಡಿದೆ. ಉಸಿರೇ ಹೊರಡಲಿಲ್ಲ, ಬರೀ ಜೊಲ್ಲು ಇಳಿಯಿತು. ಹೆಡ್‌ಮಿಸ್ಸಿನ ಕೈಗಡಿಯಾರದ ಪ್ರಕಾರ ಎರಡು ನಿಮಿಷ ಹಾಗೇ ಹೋಯಿತು. ಆಗ ಮೇಲಿನಿಂದ ಉದ್ದ ಸೀಟಿ ಕೇಳಿಸಿತು.

ಚೀಲ ತಲೆಯ ಮೇಲೆ, ಸಾಲು ಮುರಿಯದೆ ಬಂದರು, ಮಗಾ. ರಕ್ತ ಸುರಿಯುತ್ತಿದ್ದವಳೂ ಸಾಲಿನಲ್ಲೇ ಬಂದಳು. ಮೂವತ್ತಾರು ಎಣಿಸಿದೆ. ಕೊನೆಯ ಬೆಂಚಿನ ಇಬ್ಬರು ಇನ್ನೂ ವರಾಂಡದಲ್ಲಿದ್ದಾಗ ಎರಡನೇ ನಡುಕ ಬಂದು ಅಲ್ಲಿನ ಗೋಡೆ ಇಡಿಯಾಗಿ ಮಗುಚಿತು. ಮಧ್ಯಾಹ್ನ ಹೊತ್ತಿಗೆ ಇಟ್ಟಿಗೆ ಸರಿಸಿ ಗುಂಡುವನ್ನು ತೆಗೆದರು. ಲಾರಿ ಡ್ರೈವರನ ಮಗ. ಆ ಹೆಸರು ಯಾಕೆ ಬಂತು ಅಂತ ಅವನ ಕೆನ್ನೆ ನೋಡಿದರೆ ತಿಳಿಯುತ್ತಿತ್ತು, ತೆಗೆದಾಗ ಆ ಮುಖವೇ ಉಳಿದಿರಲಿಲ್ಲ. ತಲೆಯ ಮೇಲೆ ಇಟ್ಟುಕೊಂಡಿದ್ದ ಚೀಲ ಹಾಗೇ ಇತ್ತು. ಪಕ್ಕದಲ್ಲೇ ಕಡ್ಡಿ, ಜೀವ ಇತ್ತು. ಎಡಗಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಬೇಕಾಯಿತು.

ಈಗ ಕೇಳು ತಮಾಷೆ. ಸೀಟಿ ನನ್ನ ಬಾಯಲ್ಲಿದ್ದದ್ದನ್ನು ಎಲ್ಲರೂ ನೋಡಿದ್ದರು. ನಾನೇ ಮೈದಾನದಿಂದ ಊದಿ ಮಕ್ಕಳನ್ನು ಇಳಿಸಿದೆ ಅಂತ ಊರೆಲ್ಲ ಹಬ್ಬಿತು. ಪತ್ರಿಕೆಯಲ್ಲಿ ನನ್ನ ಫೋಟೋ ಬಂತು. ಗುಂಡುವಿನ ಅಪ್ಪ ಮನೆಗೆ ಬಂದು ನನ್ನ ಎರಡೂ ಕೈ ಹಿಡಿದುಕೊಂಡು, ನೀವಿಲ್ಲದಿದ್ದರೆ ಎಲ್ಲಾ ಮಕ್ಕಳೂ ಹೋಗುತ್ತಿದ್ದವು, ನನ್ನ ಮಗನ ಹಣೆಯಲ್ಲಿ ಬರೆದದ್ದು ಅಷ್ಟೇ ಅಂತ ಅತ್ತ. ನಾನು ಅವನಿಗೆ ಸಮಾಧಾನ ಹೇಳಿದೆ. ಹೇಳಿದೆ, ನೋಡು! ಈ ಬಾಯಿಂದಲೇ.

ಸಿಳ್ಳೆ ಹಾಕಿದ್ದು ತನ್ನ ಮಗಳು ಅಂತ ಆಯಾ ಮಾತ್ರ ಸಿಕ್ಕವರಿಗೆಲ್ಲ ಹೇಳುತ್ತಿದ್ದಳು. ಯಾರೂ ನಂಬಲಿಲ್ಲ. ಬೆಂಚಿನ ಕೆಳಗಿದ್ದ ಮಕ್ಕಳಿಗೆ ಊದಿದವರು ಕಂಡಿರಲಿಲ್ಲ, ಗದ್ದಲದಲ್ಲಿ ಮೈದಾನದವರಿಗೆ ಸೀಟಿ ಎಲ್ಲಿಂದ ಬಂತು ಅಂತ ತಿಳಿದಿರಲಿಲ್ಲ. ಒಂದು ದಿನ ನಲ್ಲಿಯ ಹತ್ತಿರ ಇಬ್ಬರು ತಾಯಂದಿರು, ಸರ್ ಹೆಸರಿಗೆ ಮಸಿ ಬಳಿಯುತ್ತೀಯ ಅಂತ ಅವಳ ಜುಟ್ಟು ಹಿಡಿದು ಸಿಮೆಂಟು ಕಟ್ಟೆಗೆ ಮುಖ ಜಜ್ಜಿದರು. ನಾನು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ನೋಡಿದೆ. ಕಾಲು ಕೀಳಲಾಗಲಿಲ್ಲ. ಓಡಬೇಕಾದಾಗ ಮಾತ್ರ ಚೆನ್ನಾಗಿ ಏಳುತ್ತವೆ ಈ ಕಾಲುಗಳು.

ಮಾರನೆಯ ದಿನ ಆಸ್ಪತ್ರೆಗೆ ಹೋದೆ. ಕಡ್ಡಿ ಗೋಡೆಯ ಕಡೆ ತಿರುಗಿ ಮಲಗಿದ್ದಳು. ನನ್ನನ್ನು ಕಂಡವಳೇ ಎರಡೂ ಕೈಗಳನ್ನು ಹೊದಿಕೆಯ ಒಳಗೆ ಎಳೆದುಕೊಂಡಳು. ಹೇಗೆ ಸಿಳ್ಳೆ ಹಾಕಿದೆ ಅಂತ ಕೇಳಿದೆ.

"ಬಲಗೈ ಬೆರಳು ಮಡಿಸಕ್ಕೆ ಆಗ್ಲಿಲ್ಲ ಸರ್. ಎಡಗೈಲಿ ಹಾಕ್ದೆ. ಮೊದಲು ಎರಡು ಸಲ ಬರ್ಲೇ ಇಲ್ಲ. ಅದಕ್ಕೇ ತಡ ಆಯ್ತು."

ಕ್ಷಮೆ ಕೇಳುವ ದನಿಯಲ್ಲಿ ಹೇಳಿದಳು. ಇನ್ನೊಂದು ಮಾತನ್ನೂ ಹೇಳಿದಳು. ಅದನ್ನು ಇಲ್ಲಿ ಬರೆಯಲು ಕೈ ಬರುತ್ತಿಲ್ಲ.

ಹೋದ ಶನಿವಾರ ಮೈದಾನದಲ್ಲಿ ಸಭೆ. ಇಲಾಖೆಯವರು, ತಂದೆತಾಯಿಗಳು, ನನಗೊಂದು ಪ್ರಶಂಸಾ ಪತ್ರ. ಹೆಡ್‌ಮಿಸ್ ಮೈಕು ಕೊಟ್ಟರು. ಸೀಟಿ ಊದಿದ್ದು ನಾನಲ್ಲ, ನಾನು ಮೊದಲೇ ಓಡಿ ಬಂದಿದ್ದೆ, ಮಕ್ಕಳನ್ನು ಇಳಿಸಿದ್ದು ಆಯಾಳ ಮಗಳು ಅಂದೆ. ಅವಳ ಬೆರಳು ಮುರಿದವನೂ ನಾನೇ ಅಂದೆ. ಗುಂಡುವಿನ ಅಪ್ಪ ಎದ್ದು ನಿಧಾನವಾಗಿ ನಡೆದು ಬಂದ. ಬರುತ್ತಾ ಒಂದು ಕಬ್ಬಿಣದ ಕುರ್ಚಿ ಮಡಿಸಿಕೊಂಡ.

"ನನ್ ಮಗ ನಿನ್ ಸೀಟಿಗೆ ಕಾಯ್ತಾ ಕೂತಿದ್ನೇನೋ?"

ಅದೊಂದೇ ಪ್ರಶ್ನೆ, ಪ್ರತಿ ಏಟಿಗೂ ಅದೇ. ಹೌದು ಅಂತ ನಾನು ಎರಡು ಸಲ ಹೇಳಿದೆ, ಮೂರನೆಯ ಸಲ ಬಾಯಿ ಇರಲಿಲ್ಲ. ಬಿಡಿಸಲು ಯಾರೂ ಅವಸರ ಮಾಡಲಿಲ್ಲ. ಮೂರು ಹಲ್ಲು ಹೋದವು, ಎಡದ ದವಡೆ ಸೀಳಿದೆ, ಎರಡು ಪಕ್ಕೆಲುಬು ಮುರಿದಿವೆ. ಪೊಲೀಸಿನವರು ಬಂದಾಗ ದೂರು ಇಲ್ಲ ಅಂತ ಬರೆದುಕೊಟ್ಟೆ. ಇದು ನನ್ನ ಕ್ಷೇಮ ಸಮಾಚಾರ. ಹೊಡೆಸಿಕೊಂಡರೆ ಹಗುರವಾಗುತ್ತದೆ ಅಂದುಕೊಂಡಿದ್ದೆ, ಆಗಲಿಲ್ಲ.

ಈಗ ಆಯಾಳ ಮನೆಗೆ ಜನ ಹೋಗುತ್ತಿದ್ದಾರೆ. ಜುಟ್ಟು ಹಿಡಿದವರೂ ಹೋಗಿ ಬಂದರಂತೆ. ನಿಮ್ಮಮ್ಮ ದಿನಾ ಆ ಹುಡುಗಿಗೆ ಊಟ ಒಯ್ಯುತ್ತಾಳೆ, ನನ್ನ ಜೊತೆ ಮಾತ್ರ ಬೇಕಾದಷ್ಟೇ ಮಾತು. ಕೆಲಸಕ್ಕೆ ರಾಜೀನಾಮೆ ಕೊಟ್ಟೆ. ಸೀಟಿಯನ್ನು ಕಡ್ಡಿಗೆ ಕಳಿಸೋಣ ಅಂದುಕೊಂಡೆ. ಅವಳಿಗೆ ಅದರ ಅಗತ್ಯ ಇಲ್ಲ ಅಂತ ನಿಮ್ಮಮ್ಮ ಅಂದಳು. ನಿಜವೇ.

ಹೊತ್ತಿಗೆ ಸರಿಯಾಗಿ ಊಟ ಮಾಡು, ಡ್ಯೂಟಿ ಅಂತ ನಿದ್ದೆ ಕೆಡಬೇಡ. ನಿನಗೆ ಎಲ್ಲ ಒಳ್ಳೆಯದಾಗಲಿ, ಮಗಾ. ನಿನ್ನ ಹತ್ತಿರ ಇರುವವರು ನಿನ್ನನ್ನು ಬಿಟ್ಟು ಓಡದೆ ಇರಲಿ.

ಇಂತಿ,
ನಿನ್ನ ಅಪ್ಪ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಅವತ್ತು ಡ್ರಿಲ್ಲಿನಲ್ಲಿ ಯಾಕೆ ಸಿಳ್ಳೆ ಹಾಕಿದೆ ಅಂತಲೂ ಆ ಹುಡುಗಿಯನ್ನು ಕೇಳಿದೆ. "ಅಕ್ಕ ಕಲಿಸಿದ್ದು ಸರ್. ನಿಮ್ ಸರ್ ಊದ್ದೇ ಇದ್ರೆ ನೀನ್ ಊದು ಅಂದಿದ್ರು. ಎಲ್ರೂ ಏಳ್ತಾರಾ ನೋಡೋಣ ಅಂತ ಅವತ್ತು ಹಾಕಿ ನೋಡ್ದೆ," ಅಂದಳು. ಆ ಅಕ್ಕ ನೀನು. ನಿನಗೆ ಆರು ವರ್ಷ ಇದ್ದಾಗ ಅಡುಗೆಮನೆಯಲ್ಲಿ ಸ್ಟೌ ಭಗ್ಗಂತ ಹತ್ತಿಕೊಂಡಿತು. ನಿಮ್ಮಮ್ಮ ಉರಿಯೊಳಗೆ ಕೈ ಹಾಕಿ ನಿನ್ನನ್ನು ಎಳೆದು ತಂದಳು. ನಾನು ಬೀದಿಯಲ್ಲಿದ್ದೆ. ಅಕ್ಕಪಕ್ಕದವರನ್ನು ಕರೆಯಲು ಓಡಿದೆ ಅಂತ ಹದಿನೇಳು ವರ್ಷದಿಂದ ಹೇಳಿಕೊಂಡು ಬಂದಿದ್ದೇನೆ, ನೀನು ಒಂದು ಸಲವೂ ಇಲ್ಲ ಅನ್ನಲಿಲ್ಲ. ಅವತ್ತು ನಾನು ಯಾರನ್ನೂ ಕರೆಯಲಿಲ್ಲ, ಮಗಾ. ಅದು ನಿನಗೆ ಗೊತ್ತಿತ್ತು.