ಹದಿನೇಳನೇ ಟ್ರಾಮಿನ ಪೊರಕೆ

ಹೊಕ್ಕೈದೊ
ನವೆಂಬರ್ 9, ಭಾನುವಾರ

ಪ್ರೀತಿಯ ಅಪ್ಪನಿಗೆ,

ನೀನು ಸಿಟ್ಟು ಮಾಡಿಕೊಂಡು, ಕಡಲು ದಾಟಿ ಫುಮಿಯೆ ಅತ್ತೆಯ ಮನೆ ಸೇರಿ ಏಳು ತಿಂಗಳಾಯಿತು. ಯಾವಾಗ ಫೋನು ಮಾಡಿದರೂ ಅತ್ತೆಯೇ ಎತ್ತುತ್ತಾಳೆ, ನೀನು ಸ್ನಾನಕ್ಕೆ ಹೋಗಿದ್ದೀಯ ಅನ್ನುತ್ತಾಳೆ. ಹೊತ್ತಲ್ಲದ ಹೊತ್ತಿನಲ್ಲಿ ಇಷ್ಟೊಂದು ಸ್ನಾನ ಮಾಡಿದರೆ ಮೈ ಚರ್ಮ ಉಳಿದೀತೇ? ಅದಕ್ಕೇ ಪತ್ರ ಬರೆಯುತ್ತಿದ್ದೇನೆ. ಇದನ್ನಾದರೂ ಬಚ್ಚಲಿಗೆ ಒಯ್ಯದೆ ಓದು.

ನಿನ್ನ ಹದಿನೇಳನೇ ನಂಬರಿನ ಟ್ರಾಮಿನ ದುರಸ್ತಿ ಮುಗಿಯುತ್ತ ಬಂತು. ಇಪ್ಪತ್ತಮೂರಕ್ಕೆ ಡಿಪೊದ ಅಂಗಳದಲ್ಲಿ ಊರವರಿಗೆ ತೋರಿಸುತ್ತೇವೆ. ನೂರು ವರ್ಷದ ಹಿಂದೆ ಜನರನ್ನು ಹೊತ್ತು ಓಡುತ್ತಿದ್ದಾಗ ಹೇಗಿತ್ತೋ ಹಾಗೇ ಆಗಿದೆ: ಕಡುಗೆಂಪು ಬಣ್ಣ, ಹಿತ್ತಾಳೆಯ ಕಂಬಿ, ಮರದ ಬೆಂಚು. ಕಾಲಿನಿಂದ ಒತ್ತುವ ಗಂಟೆಯನ್ನು ನಾನೇ ಬಿಚ್ಚಿ ಉಜ್ಜಿದೆ. ದನಿ ಒಂದಿಷ್ಟೂ ಕೆಟ್ಟಿಲ್ಲ.

ಇನ್ನು ಏಪ್ರಿಲ್ಲಿನ ಆ ದಿನದ ವಿಷಯ. ಕೆಲಸ ನೋಡಲೆಂದು ನೀನು ಅಕ್ಕಿ ಕಡುಬಿನ ಡಬ್ಬಿ ಹಿಡಿದು ವರ್ಕ್‌ಶಾಪಿಗೆ ಬಂದಾಗ, ನೀನು ಬಿದಿರು ಸೀಳಿ ಕಟ್ಟಿದ ಪೊರಕೆಗಳು ನಮ್ಮ ಒಲೆಯಲ್ಲಿ ಉರಿಯುತ್ತಿದ್ದವು. ವಯಸ್ಸಾದ ಆ ಟ್ರಾಮಿನ ಬೆಂಚು ಕಿತ್ತು, ಮೂತಿಗೆ ತಿರುಗುವ ಪೊರಕೆಯ ಉರುಳೆ ಕಟ್ಟಿದ ಮೇಲೆ, ಅದನ್ನು ಓಡಿಸುತ್ತ ಇಪ್ಪತ್ತಾರು ಚಳಿಗಾಲ ಹಳಿಯ ಮೇಲಿನ ಹಿಮ ಗುಡಿಸಿದವನು ನೀನು. "ನನ್ನ ಇಪ್ಪತ್ತಾರು ಚಳಿಗಾಲ ನಿಮ್ಗೆ ಬರೀ ಸಿಪ್ಪೆನಾ? ಸುಲ್ದು ಒಲೆಗೆ ಹಾಕ್ಬಿಟ್ರಲ್ಲ" ಅಂದೆ. ಕಡುಬನ್ನು ಮೇಜಿನ ಮೇಲಿಟ್ಟು ಹೊರಟುಹೋದೆ. ಪೊರಕೆ ಸುಡುವುದು ಪ್ರದರ್ಶನ ಸಮಿತಿಯವರ ತೀರ್ಮಾನ ಎಂದು ನಾನು ಹಿಂದಿನಿಂದ ಕೂಗಿ ಹೇಳಿದೆ.

ಅದು ಸುಳ್ಳು, ಅಪ್ಪ. ಒಂದು ಜೊತೆಯನ್ನಾದರೂ ಇಟ್ಟುಕೊಳ್ಳೋಣ ಎಂದು ನಮ್ಮ ಮೇಸ್ತ್ರಿ ಇನಾಗಾಕಿಯವರು ಹೇಳಿದ್ದರು. ಬೇಡ ಅಂದವಳು ನಾನು. ಒಲೆಗೆ ಹಾಕಿದ್ದೂ ಈ ಕೈಗಳೇ.

ಯಾಕೆಂದು ಹೇಳುತ್ತೇನೆ. ನಾಲ್ಕನೇ ಕ್ಲಾಸಿನಲ್ಲಿ ನನಗೆ ಪೊರಕೆಯವನ ಮಗಳು ಎಂದು ಹೆಸರು ಬಿತ್ತು. ಹುಡುಗರು ನನ್ನ ಹಿಂದೆ ಶರ್‌ಶರ್ ಎಂದು ನೆಲ ಕೆರೆಯುತ್ತ ಬರುತ್ತಿದ್ದರು. ನಸುಕಿನಲ್ಲಿ ನೀನು ನಮ್ಮ ಮನೆ ಮುಂದೆ ಹಾಯುವಾಗ ಎರಡು ಸಲ ಗಂಟೆ ಒತ್ತುತ್ತಿದ್ದೆಯಲ್ಲ. "ನಿಮ್ಮಪ್ಪ ದಾಟಿದ್ರು, ಅನ್ನಕ್ಕಿಡ್ತೀನಿ, ಏಳು" ಎಂದು, ಆಗಿನ್ನೂ ಬದುಕಿದ್ದ ಅಮ್ಮ ಎಬ್ಬಿಸುತ್ತಿದ್ದಳು. ನಾನು ರಜಾಯಿಯನ್ನು ಕಿವಿಗೆ ಎಳೆದುಕೊಳ್ಳುತ್ತಿದ್ದೆ. ನಲವತ್ತೇಳಾದರೂ ಆ ನಾಚಿಕೆ ನನ್ನನ್ನು ಬಿಟ್ಟಿರಲಿಲ್ಲ. ಟ್ರಾಮನ್ನು ಮದುವಣಗಿತ್ತಿಯ ಹಾಗೆ ಸಿಂಗರಿಸಿ, ಪೊರಕೆಯ ಗುರುತೇ ಉಳಿಯದಂತೆ ಮಾಡಬೇಕೆಂದಿದ್ದೆ.

ಸೆಪ್ಟೆಂಬರಿನಲ್ಲಿ ಚಾಲಕನ ಜಾಗದ ಬಣ್ಣ ಕೆರೆಯುತ್ತಿದ್ದೆ. ಎಡಗಡೆಯ ಮರದ ಕಂಬದಲ್ಲಿ ನಾಲ್ಕು ಬೆರಳಗಲ ತಗ್ಗಿತ್ತು. ನೀನು ನಿಂತುಕೊಂಡೇ ಓಡಿಸುತ್ತ, ಹಿಡಿದು ಹಿಡಿದು ಸವೆಸಿದ ಜಾಗ. ನನ್ನ ಕೈ ಇಟ್ಟು ನೋಡಿದೆ, ಬೆರಳುಗಳು ಸರಿಯಾಗಿ ಕೂತವು. ಇನಾಗಾಕಿಯವರು ಮರದ ಬಿರುಕು ಮುಚ್ಚುವ ಪುಟ್ಟಿಯ ಡಬ್ಬಿ ತಂದು ತಗ್ಗು ತುಂಬಲು ಹೇಳಿದರು. "ಅದು ಸವೆದಿದ್ದಲ್ಲ ಸಾರ್, ನಮ್ಮಪ್ಪ ನಿಂತಿದ್ದು" ಅಂದೆ. ಅಷ್ಟು ಹೇಳುವಷ್ಟರಲ್ಲಿ ಅಳು ಬಂದುಬಿಟ್ಟಿತು. ಅವರು ಡಬ್ಬಿ ಮುಚ್ಚಿ ಟೀ ಮಾಡಲು ಹೋದರು.

ಆಮೇಲೆ ನಾನು ಸಮಿತಿಯ ಮುಂದೆ ಜಗಳಕ್ಕೆ ನಿಂತೆ. ಪ್ರದರ್ಶನದ ಫಲಕದಲ್ಲಿ ಹಿಮ ಗುಡಿಸಿದ ವರ್ಷಗಳ ಸುದ್ದಿಯೇ ಇರಲಿಲ್ಲ. ಈಗ ನಿನ್ನ ಹೆಸರಿದೆ. ನಿನ್ನ ಮೊದಲ ಚಳಿಗಾಲ ಯಾವ ಇಸವಿಯದೆಂದು ಗೊತ್ತಿಲ್ಲದೆ ಅಲ್ಲಿ ಜಾಗ ಖಾಲಿ ಬಿಟ್ಟಿದ್ದೇವೆ.

ಪಕ್ಕದಲ್ಲಿ ಪೊರಕೆಯನ್ನೂ ಇಡಬೇಕು. ಬಿದಿರು ತರಿಸಿ ನಾನೇ ಸೀಳಿದೆ, ತಂತಿಯಿಂದ ಕಟ್ಟಿದೆ. ಉರುಳೆ ಹತ್ತು ಸುತ್ತು ತಿರುಗುವುದರೊಳಗೆ ಕಡ್ಡಿಗಳೆಲ್ಲ ಹಾರಿ ಇನಾಗಾಕಿಯವರ ಊಟದ ಬುತ್ತಿಗೆ ಬಿದ್ದವು. "ನಿಮ್ಮಪ್ಪನ್ನ ಕರ್ಸು, ಇಲ್ಲಾಂದ್ರೆ ನಾನು ಉಪವಾಸ" ಅನ್ನುತ್ತಾರೆ. ಹೇಗೆ ಕಟ್ಟುವುದೆಂದು ಈ ಡಿಪೊದಲ್ಲಿ ಬಲ್ಲವರು ಯಾರೂ ಉಳಿದಿಲ್ಲ.

ನನ್ನ ಮೇಲೆ ಸಿಟ್ಟು ಹಾಗೇ ಇರಲಿ, ಅದನ್ನೂ ಜೊತೆಗೆ ಕಟ್ಟಿಕೊಂಡು ಬಾ. ಇಪ್ಪತ್ತಮೂರರೊಳಗೆ ಬಾ. ಅತ್ತೆಗೆ ನನ್ನ ನಮಸ್ಕಾರ ಹೇಳು.

ಪೊರಕೆಯವನ ಮಗಳು,
ಶಿಹೊ

ತಾ.ಕ.: ಹೋದ ವಸಂತದಲ್ಲಿ ಟ್ರಾಮ್ ಚಾಲಕರ ಪರೀಕ್ಷೆ ಪಾಸು ಮಾಡಿದೆ. ನಿನಗೆ ಹೇಳುವ ಮೊದಲೇ ಜಗಳವಾಯಿತು. ಈ ಚಳಿಗಾಲ ಹಿಮ ಗುಡಿಸುವ ಹೊಸ ಬಂಡಿ ಓಡಿಸಲು ನನ್ನ ಹೆಸರು ಕೊಟ್ಟಿದ್ದೇನೆ, ಮೊದಲ ಹಿಮ ಬಿದ್ದ ಬೆಳಿಗ್ಗೆ ನನ್ನದೇ ಪಾಳಿ. ನಮ್ಮ ಮನೆ ಮುಂದೆ ಎರಡು ಸಲ ಗಂಟೆ ಒತ್ತುತ್ತೇನೆ. ಅನ್ನಕ್ಕಿಡಲು ಮನೆಯಲ್ಲಿ ಯಾರಾದರೂ ಇರಬೇಕಲ್ಲ, ಅಪ್ಪ.