ಭಾವ ತೆರೆಯದ ಎಪ್ಪತ್ತೊಂದು ಮೇಲ್

ಲಿಫ್ಟ್ ಆಫೀಸು, ಎರಡನೇ ಮಹಡಿ
ಗುರುವಾರ, ತಾರೀಖು ೧೪, ಊಟದ ಬಿಡುವು

ಪ್ರೀತಿಯ ಅಕ್ಕನಿಗೆ,

ಮೊದಲು ನಿನ್ನ ಮಂಡಿನೋವು ಹೇಗಿದೆ ಹೇಳು. ಹೊಸ ಬಾಡಿಗೆ ಮನೆ ಮೂರನೇ ಮಹಡಿ, ಲಿಫ್ಟ್ ಇಲ್ಲ ಅಂತ ಬರೆದಿದ್ದೆ. ನೀರಿನ ಬಕೆಟ್ ಭಾವನ ಕೈಲಿ ಹೊರಿಸು, ಹಠಕ್ಕೆ ಬಿದ್ದು ನೀನೇ ಹತ್ತಿಳಿಯಬೇಡ. ಡಾಕ್ಟರು ಕೊಟ್ಟ ಮಾತ್ರೆ ನುಂಗುತ್ತಿದ್ದೀಯಾ, ಇಲ್ಲ ಯಥಾಪ್ರಕಾರ ದಿಂಬಿನ ಕೆಳಗೆ ಇಡುತ್ತಿದ್ದೀಯಾ? ನಾವಿಬ್ಬರೂ ಚೆನ್ನಾಗಿದ್ದೇವೆ. ಮಗಳು ನಿನ್ನಷ್ಟೇ ಎತ್ತರ ಆಗಿದ್ದಾಳೆ, ನಿನ್ನ ಹಾಗೇ ಬಾಯಿ ತೆರೆಯುವ ಮುಂಚೆ ಹುಬ್ಬು ಏರಿಸುತ್ತಾಳೆ. ಅಪ್ಪನಿಲ್ಲದ ಹುಡುಗಿ ಅಂತ ಮುದ್ದು ಮಾಡಿ ತಲೆ ಮೇಲೆ ಕೂರಿಸಿಕೊಂಡವಳು ನೀನು. ಈಗ ಇಳಿಸುವ ಕೆಲಸ ನನ್ನದಾಗಿದೆ.

ನನ್ನ ಸುದ್ದಿ ಕೇಳಿದರೆ ನಿನಗೆ ನಗು ಬರಬಹುದು. ನನಗೆ ಬಡ್ತಿ ಆಗಿದೆ. ಪ್ರತಿ ಮಂಗಳವಾರ ನಲವತ್ತು ಜನರನ್ನು ಎದುರಿಗೆ ಕೂರಿಸಿಕೊಂಡು, ಬಂದ ಮೇಲ್ ಹೇಗೆ ವಿಂಗಡಿಸಬೇಕು, ಯಾವ ಮೆಸೇಜಿಗೆ ಯಾರು ಉತ್ತರ ಕೊಡಬೇಕು ಅಂತ ಪಾಠ ಹೇಳುತ್ತೇನೆ. ನಮ್ಮ ನಕಲು ಸಾಹೇಬರು ಹಿಂದಿನ ಸಾಲಿನಲ್ಲಿ ಕೂತು ತಲೆ ಆಡಿಸುತ್ತಾರೆ. ಅವರಿಗೆ ಆ ಹೆಸರು ಯಾಕೆ ಬಂತು ಅಂತ ಭಾವ ನಿನಗೆ ಹೇಳಿರಬೇಕು. ಯಾರು ಯಾರಿಗೆ ಏನು ಬರೆದರೂ ಒಂದು ನಕಲು ಅವರಿಗೆ ಹೋಗಬೇಕು. ಹೋದದ್ದನ್ನು ಅವರು ಓದಿದ್ದು ಮಾತ್ರ ಯಾರೂ ಕಂಡಿಲ್ಲ.

ಅಕ್ಕಾ, ಇವತ್ತು ನಿನಗೆ ಬರೆಯಬೇಕಾದ್ದು ಬೇರೆ ಇದೆ. ಹೊರಗಿನಿಂದ ನೋಡಿದವರಿಗೆ ಈ ಕೆಲಸ ಏನೂ ಅಲ್ಲ ಅನಿಸುತ್ತದೆ. ದಿನಕ್ಕೆ ಇನ್ನೂರು ಮುನ್ನೂರು ಮೇಲ್, ಅದರ ಮೇಲೆ ಮೂರು ಮೆಸೇಜ್ ಗ್ರೂಪು, ಸಾಲದ್ದಕ್ಕೆ ಫೋನು. ಲಿಫ್ಟ್ ಕೆಟ್ಟಿದೆ ಅಂತ ಒಬ್ಬರು ಹಾಕಿದರೆ ಅದರ ಬೆನ್ನಿಗೆ ಹತ್ತು ಜನ ಯಾರದೋ ಹುಟ್ಟುಹಬ್ಬಕ್ಕೆ ಕೇಕಿನ ಚಿತ್ರ ಹಾಕುತ್ತಾರೆ. ಲಿಫ್ಟ್ ಮೇಲಕ್ಕೆ ಹೋಗಿ ಕಾಣೆಯಾಗುತ್ತದೆ, ಕೇಕು ಉಳಿಯುತ್ತದೆ. ಸಾಯಂಕಾಲ ಆರಕ್ಕೆ ಸಾಹೇಬರು ನನ್ನ ಕುರ್ಚಿ ಹಿಂದೆ ಬಂದು ನಿಲ್ಲುತ್ತಿದ್ದರು. ಓದದ ಮೇಲ್ ಎಷ್ಟು ಅಂತ ತೋರಿಸುವ ಕೆಂಪು ಅಂಕಿ ಸೊನ್ನೆ ಆಗಿರಬೇಕು. ಆಗದಿದ್ದರೆ ಎಲ್ಲರೆದುರು, “ಹನ್ನೆರಡು ಉಳಿದಿದೆಯಲ್ಲಮ್ಮ, ಮನೆಗೆ ಹೋಗಿ ನಿದ್ದೆ ಬರುತ್ತಾ ನಿನಗೆ?” ಅನ್ನುತ್ತಿದ್ದರು. ಹಾಗಾಗಿ ನಾನು ಕೆಲಸ ಮುಗಿಸುವುದನ್ನು ಬಿಟ್ಟು ಸೊನ್ನೆ ಮಾಡುವುದನ್ನು ಕಲಿತೆ.

ಆ ಐದು ಮಹಡಿ ಕಟ್ಟಡದ ಟೀಚರಮ್ಮನ ವಿಷಯ ನಿನಗೆ ಗೊತ್ತು. ನಿವೃತ್ತಿ ಆದಮೇಲೆ ತಿದ್ದುವುದಕ್ಕೆ ಮಕ್ಕಳಿಲ್ಲದೆ ನಮ್ಮನ್ನು ತಿದ್ದುತ್ತಿದ್ದಳು. ಲಿಫ್ಟಿನ ದೀಪ ಮಂಕು, ಫ್ಯಾನು ಕಿರುಗುಡುತ್ತದೆ, ಕನ್ನಡಿಗೆ ಯಾರೋ ಎಣ್ಣೆಕೈ ಒರೆಸಿದ್ದಾರೆ ಅಂತ ದಿನಕ್ಕೆ ಎರಡು ಮೇಲ್. ನನಗೆ ರೋಸಿಹೋಗಿತ್ತು. ಆ ಬೀದಿಯ ಲಿಫ್ಟುಗಳೆಲ್ಲ ಭಾವನ ಉಸ್ತುವಾರಿ ತಾನೇ ಅಂತ, ಅವಳ ಹೆಸರಿನಿಂದ ಏನೇ ಬಂದರೂ ನನ್ನ ಕಣ್ಣಿಗೆ ಬೀಳದೆ ನೇರ ಭಾವನ ಮೇಲ್ ಬಾಕ್ಸಿಗೆ ಹೋಗುವ ಹಾಗೆ ಒಂದು ಏರ್ಪಾಡು ಮಾಡಿಬಿಟ್ಟೆ. ಭಾವ ಅದನ್ನು ತೆರೆಯುವುದಿಲ್ಲ ಅಂತ ನನಗೆ ಗೊತ್ತಿತ್ತು. ಖಾತೆ ತೆರೆದುಕೊಟ್ಟವಳೂ ನಾನೇ, ಪಾಸ್‌ವರ್ಡ್ ಇದ್ದದ್ದೂ ನನ್ನ ಹತ್ತಿರ. “ನನಗೆ ಸ್ಪ್ಯಾನರ್ ಕೊಟ್ಟರೆ ಹಿಡಿಯೋಕೆ ಬರುತ್ತೆ, ಈ ಮೌಸು ಬರಲ್ಲ. ಮುಖ್ಯವಾದ್ದು ಬಂದ್ರೆ ನೀನೇ ಕೂಗಿ ಹೇಳಮ್ಮ” ಅಂದಿದ್ದರು. ಹನ್ನೊಂದು ವರ್ಷ ಕೂಗಿ ಹೇಳಿದ್ದೇನೆ. ಟೀಚರಮ್ಮನ ವಿಷಯ ಮಾತ್ರ ಹೇಳಲಿಲ್ಲ, ಏರ್ಪಾಡಿನ ವಿಷಯವನ್ನೂ ಹೇಳಲಿಲ್ಲ. ಅವತ್ತಿನಿಂದ ಆರು ಗಂಟೆಗೆ ಸಲೀಸಾಗಿ ಸೊನ್ನೆ ಬರತೊಡಗಿತು. ಸಾಹೇಬರು ಒಂದು ದಿನ ಬೆನ್ನು ತಟ್ಟಿದರು.

ಒಂದು ಶುಕ್ರವಾರ ಟೀಚರಮ್ಮ ಫೋನೇ ಮಾಡಿದಳು. ದನಿ ಕೇಳಿದ ಕೂಡಲೇ, “ಮೇಲ್ ಮಾಡಿಬಿಡಿ ಅಮ್ಮ, ದಾಖಲೆ ಇರುತ್ತೆ” ಅಂದೆ. “ಮಾಡಿದ್ದೀನಮ್ಮ, ಬೆಳಿಗ್ಗೇನೇ ಮಾಡಿದ್ದೀನಿ” ಅಂದಳು. “ಹಾಗಾದರೆ ನೋಡ್ತಾರೆ” ಅಂತ ಇಟ್ಟುಬಿಟ್ಟೆ. ಏನು ವಿಷಯ ಅಂತ ಕೇಳಲಿಲ್ಲ ಅಕ್ಕಾ. ಆಮೇಲೆ ನೋಡಿದರೆ, ಮೂರನೇ ಮಹಡಿಯಲ್ಲಿ ಲಿಫ್ಟ್ ಬಂದಿರದಿದ್ದರೂ ಬಾಗಿಲು ತೆರೆದುಕೊಳ್ಳುತ್ತಿದೆ, ಯಾರಾದರೂ ಬೀಳುವ ಮುಂಚೆ ಬನ್ನಿ ಅಂತ ಅವಳು ಬರೆದಿದ್ದಳು. ಅದರ ಮುಂದಿನ ಬುಧವಾರ ಬೆಳಿಗ್ಗೆ ಮೆಟ್ಟಿಲು ಒರೆಸುವ ಹೆಂಗಸು ಎರಡೂ ಕೈಯಲ್ಲಿ ಬಕೆಟ್ ಹಿಡಿದುಕೊಂಡು, ಬೆನ್ನಿನಿಂದ ಬಾಗಿಲು ಸರಿಸಿ, ಹಿಂದಕ್ಕೆ ಕಾಲಿಟ್ಟಳು. ಎರಡು ದಿನ ಜೀವ ಹಿಡಿದುಕೊಂಡಿದ್ದಳು.

ಸುದ್ದಿ ಬಂದಾಗ ನಾನು ಮಾಡಿದ ಮೊದಲ ಕೆಲಸ ಏನು ಗೊತ್ತಾ? ಆ ಏರ್ಪಾಡನ್ನು ಅಳಿಸಿದೆ. ಟೀಚರಮ್ಮನ ಅಷ್ಟೂ ಮೇಲ್ ಭಾವನಿಗೇ ನೇರವಾಗಿ ಬಂದಿದ್ದ ಹಾಗೆ ಕಾಣಿಸಿತು. ಆಮೇಲೆ ಸಾಹೇಬರು ಹೇಳಿದ ಹಾಗೆ ಸಂತಾಪದ ಮೇಲ್ ಟೈಪ್ ಮಾಡಿದೆ. ತೀರಿಕೊಂಡವಳ ಗಂಡನಿಗೆ ಮೇಲ್ ಇಲ್ಲ, ಓದೋಕೂ ಬರಲ್ಲ, ಹಾಗಾಗಿ ಕಟ್ಟಡದ ಕಾರ್ಯದರ್ಶಿಗೆ ಕಳಿಸಿ ನಲವತ್ತೊಂದು ಜನರಿಗೆ ನಕಲು ಹಾಕಿದೆ. ಇಬ್ಬರು ಉತ್ತರ ಬರೆದರು. “ಗಮನಿಸಲಾಗಿದೆ, ಧನ್ಯವಾದ.”

ವಿಚಾರಣೆ ದಿನ ಮೇಜಿನ ಮೇಲೆ ಆ ಎಪ್ಪತ್ತೊಂದು ಮೇಲ್‌ಗಳ ಪಟ್ಟಿ ಹರಡಿದ್ದರು. ಒಂದನ್ನೂ ತೆರೆದಿಲ್ಲ. ಹೆಡ್ ಆಫೀಸಿನವರು ನನ್ನ ಕಡೆ ತಿರುಗಿ, “ಇವರು ಮೇಲ್ ನೋಡಲ್ಲ ಅಂತ ನಿಮಗೆ ಗೊತ್ತಿತ್ತಂತೆ. ಬಾಯಲ್ಲಿ ಹೇಳ್ತಿದ್ದಿರಾ?” ಅಂತ ಕೇಳಿದರು. “ಹೇಳಿದ್ದೆ ಸಾರ್, ಒಂದೊಂದನ್ನೂ ಹೇಳಿದ್ದೆ” ಅಂದೆ. ಭಾವ ತಲೆ ಎತ್ತಿ ನನ್ನನ್ನು ನೋಡಿದರು. ಕೋಪ ಇರಲಿಲ್ಲ. ಲೆಕ್ಕ ತಪ್ಪಿದವರು ಮತ್ತೆ ಮೊದಲಿಂದ ಎಣಿಸುವಾಗ ನೋಡುತ್ತಾರಲ್ಲ, ಹಾಗೆ ನೋಡಿದರು. ಆಮೇಲೆ, “ಹೌದು ಸಾರ್, ಹೇಳಿದ್ದಳು. ನಾನೇ ಮರೆತೆ” ಅಂದರು. ಅಲ್ಲಿಗೆ ಅವರ ಕೆಲಸ ಹೋಯಿತು, ಪೊಲೀಸ್ ಕೇಸೂ ಅವರ ಮೇಲೇ ಬಿತ್ತು. ಹೊರಗೆ ಬಂದಮೇಲೆ ನಾನು ಅಳೋಕೆ ಶುರು ಮಾಡಿದರೆ ನನಗೇ ನೀರಿನ ಲೋಟ ತಂದುಕೊಟ್ಟರು. “ನಿನ್ನ ಹುಡುಗಿ ಓದು ಇನ್ನೂ ಎರಡು ವರ್ಷ ಇದೆ. ನಿಮ್ಮಕ್ಕನಿಗೆ ಮಾತ್ರ ಹೇಳಬೇಡ, ಅವಳಿಗೆ ನೀನಂದ್ರೆ ಪ್ರಾಣ” ಅಂದರು.

ನಿನ್ನ ಕಾಗದ ಮೂರು ಸಲ ಓದಿದೆ. ಅವರ ಹಾಸಿಗೆ ಹೊರಗಿನ ಪಡಸಾಲೆಗೆ ಹಾಕಿದ್ದೀಯಂತೆ. ತಟ್ಟೆ ಇಟ್ಟು ಮುಖ ತಿರುಗಿಸಿಕೊಂಡು ಒಳಗೆ ಹೋಗುತ್ತೀಯಂತೆ. “ಹೆಣ ಬೀಳಿಸಿದ ಕೈಗೆ ಊಟ ಬಡಿಸೋಕೆ ಅಸಹ್ಯ ಆಗುತ್ತೆ” ಅಂತ ಅವರ ಮುಖಕ್ಕೇ ಹೇಳಿದೆ ಅಂತ ಬರೆದಿದ್ದೀಯ. ಅವರು ಉಂಡ ತಟ್ಟೆ ತಾವೇ ತೊಳೆದಿಟ್ಟರಂತೆ. ಅಕ್ಕಾ, ಆ ಕೈ ನನ್ನದು. ಅವರ ತಲೆ ಮೇಲೆ ಗೂಬೆ ಕೂರಿಸಿದವಳು ನಾನು, ಕೂರಿಸಿಕೊಂಡು ಸುಮ್ಮನೆ ನಿಂತವರು ಅವರು. ಹಾಸಿಗೆ ಒಳಗೆ ತಾ. ಎದುರಿಗೆ ಕೂತು ಬಡಿಸು. ಒಂದು ಒಳ್ಳೆಯ ಮಾತಾಡು. ನನಗೆ ಬೈಯಬೇಕಾದ್ದನ್ನೆಲ್ಲ ಕೂಡಿಡು, ಬಂದಾಗ ತಲೆ ಕೊಡುತ್ತೇನೆ.

ಮಗಳು ನಿನ್ನ ಕಾಲಿಗೆ ನಮಸ್ಕಾರ ಹೇಳಿದ್ದಾಳೆ. ನಾನು ಹೇಳುವ ಹಾಗಿಲ್ಲ, ಆದರೂ ಹೇಳುತ್ತಿದ್ದೇನೆ.

ನಿನ್ನ ಬಾಲಂಗೋಚಿ

ತಾ.ಕ.: ಬಿಡುವು ಮುಗಿಯಿತು, ಬೇಗ ಬೇಗ ಬರೆಯುತ್ತಿದ್ದೇನೆ. ಕೆಲಸ ಹುಡುಕೋಕೆ ಅಂತ ಭಾವ ಭಾನುವಾರ ಈ ಕಡೆ ಹೊರಡುತ್ತಾರೆ. ಕೆಲಸದ ಮಾತು ಸುಳ್ಳು. ಸೋಮವಾರ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡು ಅಲ್ಲಿಂದಲೇ ಜೈಲಿಗೆ ಹೋಗುತ್ತಾರೆ, ಎರಡು ವರ್ಷ ಆಗಬಹುದು ಅಂತ ನಮ್ಮ ಆಫೀಸಿನ ವಕೀಲರು ಹೇಳಿದ್ದಾರೆ. ನಿನ್ನ ಮನೆ ಮಾಲೀಕರ ಫೋನ್ ನಂಬರ್ ನನ್ನ ಹತ್ತಿರ ಇದೆ. ಒಂದು ಮೆಸೇಜ್ ಹಾಕಿದ್ದರೆ ಈ ನಿಮಿಷವೇ ನಿನಗೆ ತಿಳಿಯುತ್ತಿತ್ತು, ನೀನು ಅವರನ್ನು ಹೋಗಲು ಬಿಡುತ್ತಿರಲಿಲ್ಲ. ಬೇಕಂತಲೇ ಸಾದಾ ಅಂಚೆಗೆ ಹಾಕುತ್ತಿದ್ದೇನೆ. ಇದು ನಿನ್ನ ಕೈ ಸೇರುವುದು ಮಂಗಳವಾರ.