ನಾಲ್ಕನೇ ಸಲದ ಅರ್ಜಿ

ಶನಿವಾರ, ೧೫ ಫೆಬ್ರವರಿ

ನನ್ನ ಸೊಸೆಗೆ,

ನಾನು ಈ ಮನೆಯ ಯಜಮಾನಿ. ಗಂಡ ತೀರಿಕೊಂಡ ಮೇಲೆ ಇಪ್ಪತ್ತಾರು ವರ್ಷಗಳಿಂದ ಈ ಲಾಂಡ್ರಿಯನ್ನು ನಡೆಸಿಕೊಂಡು ಬಂದವಳು. ಎರಡು ಆಸ್ಪತ್ರೆ, ನಾಲ್ಕು ಹೋಟೆಲುಗಳ ಹಾಸು ಹೊದಿಕೆಗಳು ನನ್ನ ಕಣ್ಣು ದಾಟಿಯೇ ಹೊರಗೆ ಹೋಗಬೇಕು. ಇದೆಲ್ಲ ನಿನಗೆ ಗೊತ್ತಿಲ್ಲದ್ದಲ್ಲ. ಅರ್ಜಿ ಬರೆದೂ ಬರೆದೂ, ಈಗ ಯಾವ ಕಾಗದ ಎತ್ತಿಕೊಂಡರೂ ಕೈ ಹೀಗೇ ಶುರುಮಾಡುತ್ತದೆ.

ನೀನು ಚೆನ್ನಾಗಿದ್ದೀ ಎಂದು ನಂಬಿದ್ದೇನೆ. ತವರಿನಿಂದ ನೀನು ಬರೆದ ಎರಡೂ ಪತ್ರಗಳು ತಲುಪಿದವು. ಎಡಗೈಯ ಅಕ್ಷರ ಎರಡನೆಯದರಲ್ಲಿ ಎಷ್ಟೋ ದುಂಡಗಾಗಿದೆ. ಎಂಟು ತಿಂಗಳು ಉತ್ತರ ಬರೆಯದಿದ್ದದ್ದು ನನ್ನ ತಪ್ಪು. ಕೆಲಸ ಹೆಚ್ಚಿತ್ತು ಎಂದು ಬರೆಯಹೊರಟಿದ್ದೆ. ಇಲ್ಲಿಯ ಕೆಲಸದ ಅಳತೆ ಗೊತ್ತಿರುವ ನಿನ್ನ ಮುಂದೆ ಆ ನೆಪ ನಡೆಯುವುದಿಲ್ಲ.

ಲಾಂಡ್ರಿ ಸಂಘದ ಸಮ್ಮೇಳನದಲ್ಲಿ ಮಾತನಾಡಲು ನಾನು ಅರ್ಜಿ ಹಾಕುತ್ತಿದ್ದದ್ದು ನಿನಗೆ ನೆನಪಿರಬೇಕು. ಮೊದಲ ವರ್ಷ, ಕೇಳುವವರಿಗೆ ಇದರಿಂದ ಏನು ಸಿಗುತ್ತದೆ ಎಂಬ ಪ್ರಶ್ನೆಗೆ ‘ಶಿಸ್ತು’ ಎಂದು ಒಂದೇ ಪದ ಬರೆದೆ. ತಿರಸ್ಕರಿಸಿದರು. ಎರಡನೇ ವರ್ಷ, ನೆನೆಸುವುದರಿಂದ ಹಿಡಿದು ಮಡಿಸುವವರೆಗೆ ಎಲ್ಲವನ್ನೂ ಇಪ್ಪತ್ತು ನಿಮಿಷದಲ್ಲಿ ಹೇಳುತ್ತೇನೆಂದೆ. ಅದೂ ಹೋಯಿತು. ಈ ವರ್ಷ ಹಟ ಹಿಡಿದು ಇಸ್ತ್ರಿ ಯಂತ್ರದ ಸುರಕ್ಷತೆಯ ಬಗ್ಗೆ ಬರೆದೆ. ನಿನ್ನ ಬಲಗೈಯ ಮೂರು ಬೆರಳು ಹೋದ ಮೇಲೆ ಇನ್ನೊಂದು ಮನೆಯ ಹೆಣ್ಣುಮಗಳಿಗೆ ಹಾಗಾಗಬಾರದು ಎಂಬುದೇ ನನ್ನ ಉದ್ದೇಶ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಮೂರನೆಯದೂ ವಾಪಸ್ಸು ಬಂತು.

ಹಾಸು ಎಣಿಸುವ ನಮ್ಮ ಎಣಿಕೆಯಮ್ಮ ಸುಮ್ಮನಿರುವವಳೇ? “ನಿಮ್ಮ ಭಾಷಣ ನಾವು ದಿನಾ ಬಿಟ್ಟಿ ಕೇಳ್ತೀವಲ್ಲ, ಅವ್ರಿಗೇನಂತೆ ಕಷ್ಟ?” ಅಂದಳು. ಎಲ್ಲರೂ ಹಾಸಿನ ಮರೆಯಲ್ಲಿ ಮುಖ ಇಟ್ಟುಕೊಂಡು ನಕ್ಕರು. ನಿನ್ನ ಗಂಡ, “ಬಿಡಮ್ಮ, ಯಾಕೆ ಬೇಕು ಈ ಉಸಾಬರಿ?” ಅಂದ.

ಬಿಡುವ ಜಾಯಮಾನ ನನ್ನದಲ್ಲ. ಸೋಮವಾರ ಸಂಘಕ್ಕೆ ಫೋನು ಮಾಡಿ, ಅರ್ಜಿ ಓದಿದವರಿಗೇ ಕೊಡಿ ಎಂದೆ. ಒಬ್ಬ ಹೆಂಗಸು ಬಂದಳು. ದನಿ ಕೇಳಿದರೆ ನಿನ್ನ ವಯಸ್ಸಿನವಳೇ.

“ಅಮ್ಮಾ, ಬೇಜಾರು ಮಾಡ್ಕೋಬೇಡಿ. ನೂರಾ ಎಂಬತ್ತು ಅರ್ಜಿ ಬಂದಿವೆ, ಜಾಗ ಇರೋದು ಹನ್ನೆರಡು.”

“ಅದಿರಲಿ. ನನ್ನದು ಯಾಕೆ ಬೇಡ, ಅದನ್ನ ಹೇಳಿ.”

“ಮೊದಲ ಹದಿನಾಲ್ಕು ಸಾಲು ನೀವು ಯಾರು ಅಂತ್ಲೇ ಇದೆ. ಹದಿನೈದನೇ ಸಾಲು ಬರೋ ಹೊತ್ತಿಗೆ ಓದೋರು ಮುಂದಿನ ಅರ್ಜಿಗೆ ಹೋಗಿರ್ತಾರೆ. ‘ಸುರಕ್ಷತೆಯ ಮಹತ್ವ’ ಅಂತ ಹೆಸರಿಟ್ಟಿದ್ದೀರಿ. ಅದೇ ಹೆಸರಿಂದು ಇನ್ನೂ ಒಂಬತ್ತು ನನ್ನ ಮೇಜಿನ ಮೇಲಿವೆ. ಎಚ್ಚರಿಕೆಯಿಂದ ಕೆಲಸ ಮಾಡಬೇಕು ಅಂತೀರಿ. ಬೇಡ ಅನ್ನೋರು ಯಾರಿದ್ದಾರಮ್ಮ? ನಿಮ್ಮಲ್ಲಿ ಏನೋ ಆಗಿದೆ, ಅದು ಗೊತ್ತಾಗುತ್ತೆ. ಏನಾಯ್ತು, ಯಾರು ಏನು ಮಾಡಿದ್ರು, ಆಮೇಲೆ ಏನು ಬದಲಾಯಿಸಿದ್ರಿ? ಕೇಳೋಕೆ ಬರೋರಿಗೆ ಅದು ಬೇಕು. ನಿಮ್ಮ ಅರ್ಜಿಯಲ್ಲಿ ಅದೊಂದೇ ಇಲ್ಲ.”

ಅವಳೇ ಮುಂದುವರಿಸಿದಳು: “ಆ ಹನ್ನೆರಡರಲ್ಲಿ ಒಬ್ಬರು ಬರಲ್ಲ ಅಂದಿದ್ದಾರೆ. ಶುಕ್ರವಾರದೊಳಗೆ ತಿದ್ದಿ ಕಳಿಸಿ. ಸಿಗುತ್ತೆ ಅಂತ ಮಾತು ಕೊಡಲ್ಲ.”

ಮಂಗಳವಾರ ಅಂಗಡಿಯ ಕೆಲಸ ಬಿಟ್ಟು ಬರೆದೆ. ಹೆಸರು ಬದಲಾಯಿಸಿದೆ. ನನ್ನ ಬಗ್ಗೆ ಇದ್ದದ್ದನ್ನು ಎರಡು ಸಾಲಿಗೆ ಇಳಿಸಿದೆ. ಅದೇ ನನಗೆ ಹಲ್ಲು ಕಿತ್ತ ಹಾಗಾಯಿತು. ಇಸ್ತ್ರಿ ಯಂತ್ರಕ್ಕೆ ದಪ್ಪ ಹೊದಿಕೆ ಕೊಡುವಾಗ ಸೊಸೆಯ ಕೈ ಬಿಸಿ ಉರುಳೆಯೊಳಗೆ ಹೋಯಿತು ಎಂದು ಬರೆದು, ಅವಳಿಗೆ ಫೋನಿನಲ್ಲಿ ಓದಿ ಹೇಳಿದೆ.

“ಈಗ ಕೇಳೋ ಹಾಗಿದೆ. ಆದ್ರೆ ಅಮ್ಮಾ, ಉರುಳೆ ಮುಂದೆ ಅಡ್ಡಪಟ್ಟಿ ಇರುತ್ತಲ್ಲ? ಕೈ ತಾಗಿದ ಕೂಡಲೇ ಯಂತ್ರ ನಿಲ್ಲಬೇಕಿತ್ತಲ್ಲ? ಯಾಕೆ ನಿಲ್ಲಲಿಲ್ಲ? ನಾನೂ ಇಸ್ತ್ರಿ ಮನೆಯಲ್ಲಿ ಏಳು ವರ್ಷ ಇದ್ದೆ, ಅದಕ್ಕೆ ಕೇಳ್ತಿದೀನಿ.”

ನಾನು ಫೋನು ಇಟ್ಟುಬಿಟ್ಟೆ. ಎದುರಿಗೆ ಮಾತನಾಡುವವರನ್ನು ಒಂದು ನೋಟದಲ್ಲಿ ಕೂರಿಸುವವಳು ನಾನು. ಮುಖ ಕಾಣದ ಒಬ್ಬಳ ಪ್ರಶ್ನೆ ತಪ್ಪಿಸಿಕೊಂಡು ಹಾಸು ಮಡಿಸಲು ಹೋದೆ. ಬುಧವಾರ ಇಡೀ ದಿನ ಆ ಒಂದು ಜಾಗ ಬಿಟ್ಟು ಉಳಿದದ್ದೆಲ್ಲ ತಿದ್ದಿದೆ. ತಿದ್ದಿದಷ್ಟೂ ಆ ಜಾಗವೇ ಎದ್ದು ಕಾಣುತ್ತಿತ್ತು. ಗುರುವಾರ ಮಧ್ಯಾಹ್ನ ಊಟದ ಹೊತ್ತಿಗೆ ಅದನ್ನೂ ಬರೆದು ಮುಗಿಸಿದೆ.

ಯಂತ್ರಕ್ಕೆ ಈಗ ಎಣಿಕೆಯಮ್ಮನ ಮಗಳು ನಿಲ್ಲುತ್ತಾಳೆ. ಚುರುಕು ಹುಡುಗಿ. ಆದರೂ ಅಂಚಿಗೆ ಅಂಚು ಸೇರಿಸುವುದು ನಿನ್ನ ಹಾಗೆ ಬರುವುದಿಲ್ಲ. ಈ ಮಾತನ್ನು ನೀನಿದ್ದಾಗ ಒಂದು ದಿನವೂ ನಿನಗೆ ಹೇಳಲಿಲ್ಲ. ನಿನ್ನನ್ನು ಬಾ ಎಂದು ಕರೆಯುವ ಬಾಯಿ ನನಗಿಲ್ಲ. ನಿನ್ನ ತಾಯಿಗೆ ನನ್ನ ನಮಸ್ಕಾರ ತಿಳಿಸು. ಗಾಯದ ಜಾಗಕ್ಕೆ ಚಳಿ ತಾಗಿಸಬೇಡ. ನೀನು ಇರುವಲ್ಲಿ ನಿನ್ನ ಮಾತು ನಡೆಯಲಿ, ನಿನ್ನ ಮೇಲೆ ಯಾರ ದನಿಯೂ ಏರದಿರಲಿ. ಇದು ನನ್ನ ಆಶೀರ್ವಾದ.

ಇಂತು,
ನಿನ್ನ ಅತ್ತೆ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಆಗಲಿಲ್ಲ. ಅರ್ಜಿಯಲ್ಲಿ ಇರುವುದನ್ನು ನೀನು ಬೇರೆಯವರಿಂದ ಕೇಳಬಾರದು. ‘ದಪ್ಪ ಹೊದಿಕೆ ತಾಗಿ ಯಂತ್ರ ಪದೇ ಪದೇ ನಿಲ್ಲುತ್ತಿತ್ತು. ಅಡ್ಡಪಟ್ಟಿಯನ್ನು ಲಾಡಿಯಿಂದ ಎತ್ತಿ ಕಟ್ಟಿದವಳು ನಾನು. ಬೇಡ ಅತ್ತೆ ಎಂದು ನನ್ನ ಸೊಸೆ ಎರಡು ಸಲ ಹೇಳಿದಳು. ನನಗೆ ಕಲಿಸಬೇಡ ಎಂದೆ. ಅಪಘಾತದ ವರದಿಯಲ್ಲಿ ಪಟ್ಟಿ ಕಟ್ಟಿದ್ದು ಅವಳೇ ಎಂದು ಬರೆಸಿದವಳೂ ನಾನೇ.’ ಹೀಗಿದೆ. ಪಟ್ಟಿ ಯಾಕೆ ಕಟ್ಟಿದೆ ಎಂದು ನಿನ್ನ ಗಂಡ ನಿನ್ನ ಮೇಲೆ ಕೂಗಾಡಿದ ದಿನ ನೀನು ನನ್ನ ಮುಖ ನೋಡಿದೆ. ನಾನು ಹಾಸು ಮಡಿಸುತ್ತಾ ನಿಂತೆ. ಗುರುವಾರ ಅವನನ್ನು ಕೂರಿಸಿ ಇದನ್ನು ಓದಿದೆ. ಅವನು ಎದ್ದು ಹೋದ. ಅಂದಿನಿಂದ ನನ್ನ ಜೊತೆ ಮಾತಿಲ್ಲ. ಸಂಘದವರು ಈ ಅರ್ಜಿಯನ್ನು ತೆಗೆದುಕೊಳ್ಳುತ್ತಾರೋ ಇಲ್ಲವೋ ಗೊತ್ತಿಲ್ಲ. ತೆಗೆದುಕೊಂಡರೂ ನಿನ್ನ ಬೆರಳು ಬರುವುದಿಲ್ಲ. ನಿನ್ನೆ ಬೆಳಿಗ್ಗೆ ಅದನ್ನು ಅಂಚೆಗೆ ಹಾಕಿ, ಅಲ್ಲಿಂದ ನೇರ ಕಾರ್ಖಾನೆ ತಪಾಸಣಾಧಿಕಾರಿಯ ಕಚೇರಿಗೆ ಹೋದೆ. ಹಳೆಯ ವರದಿ ಸುಳ್ಳು ಎಂದು ಬರೆದು, ಸಹಿ ಹಾಕಿ ಕೊಟ್ಟೆ. ಗುಮಾಸ್ತ ಮೊಹರು ಒತ್ತಿ ಕೊಟ್ಟ ಸ್ವೀಕೃತಿ ಚೀಟಿಯನ್ನು ಈ ಪತ್ರದೊಳಗೆ ಇಟ್ಟಿದ್ದೇನೆ.